ಕೆಂಬೂತದ ಕಾಲ್ಬೆರಳು

ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿಕೊಂಡಿತಂತೆ. ಐವತ್ತರ ಹತ್ತಿರ ಬಂದ ಗಂಡ ಇದ್ದಕ್ಕಿದ್ದ ಹಾಗೆ ಡ್ರಾಯಿಂಗ್ ಬುಕ್ಕು, ಎರಡು ಕಪ್ಪು ಇಂಕಿನ ಪೆನ್ನು ತಂದು ಊಟದ ಟೇಬಲ್ ಮೇಲೆ ಇಟ್ಟಾಗ ನನ್ನ ಹೆಂಡತಿ ಹೇಳಿದ್ದು ಇದೇ ಗಾದೆ. ನವಿಲು ಅಂದರೆ ಮಗಳು. ಅವಳು ಬೆಂಗಳೂರಿನಲ್ಲಿ ಅನಿಮೇಶನ್ ಓದುತ್ತಿದ್ದಾಳೆ. ಕೆಂಬೂತ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಮಾತಿಗೆ ಬೇಸರ ಆಗಲಿಲ್ಲ, ಒಂದು ಐಡಿಯಾ ಬಂತು. ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಇಂಕಿನ ಚಿತ್ರ ಬಿಡಿಸೋ ಹುಚ್ಚು ಹತ್ತಿತ್ತು; ಒಂದನೇ ತಾರೀಕಿನ ಚಿತ್ರ ಕೆಂಬೂತದ್ದೇ ಆಗಲಿ ಅಂದುಕೊಂಡೆ. ನಮ್ಮ ಹಿತ್ತಲಿನ ಬೇಲಿಯಲ್ಲಿ ಒಂದು ಜೋಡಿ ಇದೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಬೆಳಗಿನ ಹೊತ್ತು ಮಡಕೆಯೊಳಗಿಂದ ಯಾರೋ ಕರೆದ ಹಾಗೆ ಊಪ್ ಊಪ್ ಅನ್ನುತ್ತೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅದನ್ನು ಬಿಡಿಸೋದು ಎಷ್ಟು ಹೊತ್ತಿನ ಕೆಲಸ?

ಒಂದೂವರೆ ಗಂಟೆ ಆಯಿತು. ಫೋಟೊ ತೆಗೆದು ಮಗಳಿಗೆ ಕಳಿಸಿದೆ.

"ಅಪ್ಪ, ಕೋಳಿ ಚೆನ್ನಾಗಿದೆ."

"ಅದು ಕೆಂಬೂತ ಕಣೆ."

"ಹಾಗಾದ್ರೆ ಕಾಲು ತಪ್ಪು. ಹೋಗಿ ನೋಡು."

ಹೋಗಿ ನೋಡಿದೆ. ಅವತ್ತು ಕಾಣಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಚ್ಚಲ ಕಿಟಕಿಯಿಂದ ಕಂಡಿತು. ಕಾಂಪೌಂಡ್ ಗೋಡೆ ಮೇಲೆ ಜಮೀನ್ದಾರರ ಹಾಗೆ ನಡೆದುಕೊಂಡು ಬರುತ್ತಿತ್ತು. ನಾನು ಕೋಳಿಗೆ ಇರುವ ಹಾಗೆ ಮೂರು ಬೆರಳು ಮುಂದೆ, ಒಂದು ಹಿಂದೆ ಬಿಡಿಸಿದ್ದೆ. ಕೆಂಬೂತಕ್ಕೆ ಎರಡು ಮುಂದೆ, ಎರಡು ಹಿಂದೆ. ಕೋಗಿಲೆಗೂ ಹಾಗೇ, ಗಿಳಿಗೂ ಹಾಗೇ. ಕೆಂಬೂತ ಕೋಗಿಲೆಯ ಕುಟುಂಬದ್ದು ಅಂತ ಎಲ್ಲೋ ಓದಿದ್ದೆ. ಓದಿ ಮರೆತಿದ್ದೆ. ಅದರ ಹಿಂದಿನ ಬೆರಳೊಂದರಲ್ಲಿ ಉದ್ದನೆಯ ನೇರ ಉಗುರು ಇರುತ್ತೆ. ವೈಜ್ಞಾನಿಕ ಹೆಸರಿನ ಮೊದಲ ಭಾಗಕ್ಕೆ ಗ್ರೀಕ್‌ನಲ್ಲಿ ಮುಳ್ಳುಗಾಲು ಅನ್ನೋ ಅರ್ಥ ಬರೋದು ಅದಕ್ಕೇ. ಇನ್ನೊಂದು ಮಾತು: ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆ ಗೂಡಿಗೆ ಹಾಕಿ ಆರಾಮಾಗಿ ಹಾಡಿಕೊಂಡಿರುತ್ತೆ. ಕೆಂಬೂತ ಅದೇ ಮನೆತನದ್ದಾದರೂ ಸ್ವಂತ ಗೂಡು ಕಟ್ಟಿ, ಸ್ವಂತ ಮರಿ ಸಾಕುತ್ತೆ. ಕವಿತೆ ಬರೆಸಿಕೊಂಡಿದ್ದು ಕೋಗಿಲೆ, ಗಾದೆಯಲ್ಲಿ ಬೈಸಿಕೊಂಡಿದ್ದು ಕೆಂಬೂತ. ನಮ್ಮ ಕಡೆ ಕೆಲವರು ಅದನ್ನು ರತ್ನಪಕ್ಷಿ ಅಂತ ಕರೆದು, ಕಂಡರೆ ಒಳ್ಳೇದು ಅಂತಾರೆ. ಸದ್ಯ.

ಈ ಅಕ್ಟೋಬರ್ ಹುಚ್ಚಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಹೆಸರು ಇಂಕ್‌ಟೋಬರ್. ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಕಾರ 2009ರಲ್ಲಿ ತನ್ನ ಇಂಕಿನ ಕೈ ಪಳಗಲಿ ಅಂತ ಶುರು ಮಾಡಿದ್ದು. ತಿಂಗಳಿಗೆ 31 ದಿನ, 31 ಚಿತ್ರ. ದಿನಕ್ಕೊಂದು ಪದ ಕೊಡುತ್ತಾರೆ, ಬೇಕಾದರೆ ಅದನ್ನು ಇಟ್ಟುಕೊಂಡು ಬಿಡಿಸಬಹುದು. ನಾನು ಆ ಪದಗಳ ತಂಟೆಗೆ ಹೋಗಲಿಲ್ಲ. ಮೈಸೂರಿನಲ್ಲಿ ಮನೆ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ವಾಕಿಂಗು. ಅವತ್ತು ಕಂಡ ಹಕ್ಕಿ, ಅವತ್ತೇ ರಾತ್ರಿ ಇಂಕಿನಲ್ಲಿ. ಇಷ್ಟೇ ನನ್ನ ನಿಯಮ. ಪೆನ್ಸಿಲ್ಲು ಬೇಡ, ರಬ್ಬರು ಬೇಡ ಅಂತಲೂ ಜಂಬದಿಂದ ಸೇರಿಸಿಕೊಂಡೆ. ಆ ಜಂಬ ನಾಲ್ಕನೇ ದಿನಕ್ಕೆ ಇಳಿಯಿತು.

ನಾಲ್ಕನೇ ದಿನ ಹಾಲಕ್ಕಿ. ಬುಡಬುಡಕೆಯವನು "ಹಾಲಕ್ಕಿ ನುಡೀತೈತೆ" ಅಂತಾನಲ್ಲ, ಅದೇ ಸಣ್ಣ ಗೂಬೆ. ಕೆರೆ ಪಕ್ಕದ ಮರದ ಪೊಟರೆಯಲ್ಲಿ ಕೂತಿತ್ತು. ನಾನು ಅದನ್ನು ಸ್ವಲ್ಪ ಕಿಲಾಡಿ ಥರ ತೋರಿಸೋಣ ಅಂತ ಮುಖ ನೇರ ಇಟ್ಟು, ಕಣ್ಣುಗುಡ್ಡೆ ಮಾತ್ರ ಮೂಲೆಗೆ ಸರಿಸಿ ಓರೆನೋಟ ಕೊಟ್ಟೆ. ನೋಡಿದರೆ ಗೂಬೆ ಅನ್ನಿಸಲೇ ಇಲ್ಲ. ಮದುವೆ ಮನೆಯಲ್ಲಿ ಒಡವೆ ಎಣಿಸೋ ಯಾರೋ ಅತ್ತೆ ಥರ ಇತ್ತು. ತಪ್ಪು ಎಲ್ಲಿ ಅಂತ ತುಂಬಾ ಹೊತ್ತು ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಗೂಬೆಗೆ ಓರೆನೋಟ ಸಾಧ್ಯವೇ ಇಲ್ಲ. ಅದರ ಕಣ್ಣು ನಮ್ಮದರ ಹಾಗೆ ಗುಂಡಗಿಲ್ಲ, ಕೊಳವೆ ಥರ ಇದೆ. ಸುತ್ತ ಮೂಳೆಯ ಬಳೆ ಬಿಗಿದು ಕೂರಿಸಿದೆ. ಅತ್ತಿತ್ತ ಹೊರಳಿಸೋಕೆ ಆಗಲ್ಲ. ಅದಕ್ಕೇ ಕತ್ತನ್ನೇ ತಿರುಗಿಸುತ್ತೆ, ಒಂದೊಂದು ಕಡೆಗೆ 270 ಡಿಗ್ರಿವರೆಗೆ. ನಮ್ಮ ಕತ್ತಿನಲ್ಲಿ 7 ಮೂಳೆ, ಅದರದ್ದರಲ್ಲಿ 14. ಅಷ್ಟು ತಿರುಚಿದರೆ ರಕ್ತನಾಳ ಹಿಸುಕಿ ಹೋಗಬೇಕಲ್ವಾ? ಆ ಮೂಳೆಗಳಲ್ಲಿ ನಾಳ ಹಾದು ಹೋಗುವ ತೂತು ನಾಳಕ್ಕಿಂತ ಸುಮಾರು ಹತ್ತು ಪಟ್ಟು ಅಗಲ ಇದೆಯಂತೆ, ತಿರುಗುವಾಗ ಜಾಗ ಇರಲಿ ಅಂತ.

ಈ 270 ಡಿಗ್ರಿ ನನಗೆ ಹೈಸ್ಕೂಲಿನಿಂದಲೂ ಗೊತ್ತಿತ್ತು. ಕ್ವಿಜ್‌ನಲ್ಲಿ ಕೇಳಿದರೆ ಹೇಳುತ್ತಿದ್ದೆ. ಆದರೆ ಗೂಬೆಯ ಕಣ್ಣು ಅಲ್ಲಾಡಲ್ಲ ಅನ್ನೋದೂ, ಕತ್ತು ಅಷ್ಟು ತಿರುಗುತ್ತೆ ಅನ್ನೋದೂ ಒಂದೇ ವಿಷಯದ ಎರಡು ಮುಖ ಅಂತ ಗೊತ್ತಾಗಿದ್ದು ಇಂಕಿನಲ್ಲಿ ತಪ್ಪು ಮಾಡಿ ಕೂತ ಮೇಲೆ. ಆ ತಿಂಗಳೆಲ್ಲ ಹೀಗೇ ಆಯಿತು. ಪೆನ್ನು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತೋ ಅಲ್ಲೊಂದು ವಿಷಯ ಕಾದು ಕೂತಿರುತ್ತಿತ್ತು.

ಮೊಣಕಾಲಿನ ಕಥೆ ಎಲ್ಲರಿಗೂ ಗೊತ್ತಿರಬಹುದು, ಬೇಗ ಹೇಳಿ ಮುಗಿಸುತ್ತೇನೆ. ಬಣ್ಣದ ಕೊಕ್ಕರೆಯ ಕಾಲು ಹಿಂದಕ್ಕೆ ಮಡಚಿದ ಹಾಗೆ ಕಾಣುತ್ತಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿ ಗಂಟು. ನಿಜವಾದ ಮೊಣಕಾಲು ಮೇಲೆ ಗರಿಗಳೊಳಗೆ ಬಚ್ಚಿಟ್ಟುಕೊಂಡಿದೆ, ನಮ್ಮ ಹಾಗೇ ಮುಂದಕ್ಕೇ ಮಡಚುತ್ತೆ. ಹಕ್ಕಿಗಳು ನಡೆಯೋದು ಬೆರಳ ಮೇಲೆ, ಜೀವಮಾನ ಪೂರ್ತಿ ತುದಿಗಾಲಲ್ಲಿ. ಇದು ತಲೆಗೆ ಹೋದ ಮೇಲೆ ಕೊಕ್ಕರೆ ಕೂರುವ ಭಂಗಿ ಬಿಡಿಸೋದು ಒಂದೇ ಸಲಕ್ಕೆ ಸುಲಭ ಆಯಿತು. ಮೊದಲು ಬಿಡಿಸಿದ್ದೆಲ್ಲ ಮುರಿದ ಕುರ್ಚಿ ಥರ ಇದ್ದವು.

ಮರಕುಟಿಗ ಬಿಡಿಸಿದಾಗ ಹೆಂಡತಿ ಇಣುಕಿ ನೋಡಿ "ಬಿದ್ದು ಹೋಗುತ್ತೆ" ಅಂದಳು. ಅವಳು ಹೇಳಿದ್ದು ಸರಿ. ನಾನು ಬಾಲವನ್ನು ಗಾಳಿಯಲ್ಲಿ ಬಿಟ್ಟಿದ್ದೆ. ಮರಕುಟಿಗದ ಬಾಲದ ಗರಿಗಳು ಗಡುಸು. ಅದನ್ನು ಕಾಂಡಕ್ಕೆ ಒತ್ತಿ ಮೂರನೇ ಕಾಲಿನ ಹಾಗೆ ಊರುತ್ತೆ. ಇದೇ ಹಕ್ಕಿಯ ಬಗ್ಗೆ ನಾನು ಬಹಳ ವರ್ಷ ನಂಬಿದ್ದ ಇನ್ನೊಂದು ಮಾತು: ಅದರ ತಲೆಬುರುಡೆಯಲ್ಲಿ ಸ್ಪಂಜಿನ ಹಾಗೆ ಒಂದು ಕುಶನ್ ಇದೆ, ಕುಟ್ಟಿದಾಗ ಮೆದುಳಿಗೆ ಏಟು ತಾಗದ ಹಾಗೆ ಅದು ತಡೆಯುತ್ತೆ ಅಂತ. 2022ರಲ್ಲಿ ವಿಜ್ಞಾನಿಗಳು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಕುಶನ್ನೂ ಇಲ್ಲ ಏನೂ ಇಲ್ಲ. ಕೊಕ್ಕು ನಿಂತಾಗ ತಲೆಯೂ ಅಷ್ಟೇ ಗಕ್ಕನೆ ನಿಲ್ಲುತ್ತೆ. ಯೋಚನೆ ಮಾಡಿ, ಸುತ್ತಿಗೆಗೆ ಸ್ಪಂಜು ಕಟ್ಟಿ ಮೊಳೆ ಹೊಡೆದರೆ ಆಗುತ್ತಾ? ಮೆದುಳು ತುಂಬಾ ಚಿಕ್ಕದು, ಅದಕ್ಕೇ ಆ ಏಟು ತಡೆಯುತ್ತೆ.

ಸುಳ್ಳು ಸ್ವಾರಸ್ಯಗಳ ಮಾತು ಬಂದಿದ್ದಕ್ಕೆ ಇದನ್ನು ಹೇಳದೆ ಮುಂದೆ ಹೋಗಲ್ಲ. ನಿಮಗೂ ವಾಟ್ಸಾಪ್‌ನಲ್ಲಿ ಬಂದಿರುತ್ತೆ. ಹದ್ದಿಗೆ 40 ವರ್ಷ ಆದಾಗ ಬೆಟ್ಟದ ತುದಿಗೆ ಹೋಗಿ, ಕೊಕ್ಕನ್ನು ಬಂಡೆಗೆ ಕುಟ್ಟಿ ಮುರಿದುಕೊಂಡು, ಉಗುರು ಕಿತ್ತುಕೊಂಡು, ಗರಿ ಕಿತ್ತುಕೊಂಡು, ಐದು ತಿಂಗಳು ಕಾದು, ಹೊಸ ಹುಟ್ಟು ಪಡೆದು ಇನ್ನೂ 30 ವರ್ಷ ಬಾಳುತ್ತಂತೆ! ನಮ್ಮ ಆಫೀಸಿನ ಒಂದು ತರಬೇತಿಯಲ್ಲಿ ಹಿನ್ನೆಲೆ ಸಂಗೀತ ಹಾಕಿ ಇದನ್ನು ತೋರಿಸಿದರು. ಪಕ್ಕದಲ್ಲಿದ್ದವರು ಕಣ್ಣು ಒರೆಸಿಕೊಂಡರು. ಕೊಕ್ಕಿನ ಒಳಗೆ ಮೂಳೆ ಇದೆ ಸ್ವಾಮಿ. ಅದನ್ನು ಮುರಿದುಕೊಂಡ ಹದ್ದು ಹಸಿವಿನಿಂದ ಸಾಯುತ್ತೆ. ಮೇಲಿನ ಹೊದಿಕೆ ನಮ್ಮ ಉಗುರಿನ ಹಾಗೆ ಯಾವಾಗಲೂ ಬೆಳೆಯುತ್ತೆ, ಸವೆಯುತ್ತೆ. ಗರಿಗಳೂ ಉದುರಿ ಹೊಸದು ಬರುತ್ತವೆ. ಆದರೆ ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವಾಗಿ, ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಜೋಡಿಯಾಗಿ. ಹಾರಾಟದ ತೂಕ ತಪ್ಪಬಾರದಲ್ಲ. ನಾನು ಬಿಡಿಸಿದ ಹದ್ದಿನ ರೆಕ್ಕೆಯಲ್ಲಿ ಎರಡೂ ಕಡೆ ಒಂದೊಂದು ಹಲ್ಲು ಬಿದ್ದ ಹಾಗೆ ಖಾಲಿ ಇದೆ. ಅವತ್ತು ಕೆರೆ ಮೇಲೆ ಸುತ್ತುತ್ತಿದ್ದ ಹದ್ದು ಹಾಗೇ ಇತ್ತು. ಕೊಕ್ಕು ಮುರಿದುಕೊಳ್ಳೋ ಕಥೆಗಿಂತ ಇದು ಚೆಂದ ಅಂತ ನನಗನ್ನಿಸುತ್ತೆ. ಕೆಲಸಕ್ಕೆ ರಜೆ ಹಾಕದೆ ರೆಕ್ಕೆ ರಿಪೇರಿ.

ಹನ್ನೊಂದನೇ ದಿನ ನೀಲಕಂಠ. ಇದಕ್ಕೆ ಕೆರೆ ಸಾಲಲಿಲ್ಲ. ನಂಜನಗೂಡು ಕಡೆ ಹೋಗಿದ್ದಾಗ ಹೊಲದ ಪಕ್ಕದ ಕರೆಂಟ್ ತಂತಿ ಮೇಲೆ ಕಂಡಿತು. ನಮ್ಮ ರಾಜ್ಯಪಕ್ಷಿ. ಉತ್ತರದ ಕಡೆ ವಿಜಯದಶಮಿ ದಿನ ಇದು ಕಂಡರೆ ಶುಭ ಅಂತಾರೆ, ನಮಗೆ ದಸರೆ ಹತ್ತಿರದಲ್ಲೇ ಕಂಡಿತು. ಕೂತಾಗ ಮಣ್ಣು ಬಣ್ಣದ ಮಂಕು ಹಕ್ಕಿ. ಹಾರಿತೋ, ಯಾರೋ ರೇಷ್ಮೆ ಸೀರೆ ಕೊಡವಿದ ಹಾಗೆ ಎರಡು ಥರದ ನೀಲಿ.

ರಾತ್ರಿ ಕೂತು ಬಿಡಿಸಿ, ಹೆಸರಿಗೆ ತಕ್ಕ ಹಾಗೆ ಕಂಠಕ್ಕೆ ಗಾಢವಾಗಿ ಗೆರೆ ತುಂಬಿದೆ. ಕಪ್ಪು ಇಂಕಿನಲ್ಲಿ ನೀಲಿ ತೋರಿಸಲು ಇನ್ನೇನು ದಾರಿ. ಆಮೇಲೆ ಮೊಬೈಲಿನಲ್ಲಿ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿದರೆ ಕಂಠ ನೀಲಿಯೇ ಅಲ್ಲ! ಕಂದು ನೇರಳೆ ಬಣ್ಣ, ಅದರ ಮೇಲೆ ಬಿಳಿ ಗೀರು. ನೀಲಿ ಇರೋದು ನೆತ್ತಿ ಮೇಲೆ, ರೆಕ್ಕೆಯಲ್ಲಿ, ಬಾಲದಲ್ಲಿ, ಹೊಟ್ಟೆ ಕಡೆ. ಶಿವನ ಹೆಸರು ಹೊತ್ತ ಹಕ್ಕಿಗೆ ಆ ಒಂದು ಜಾಗ ಬಿಟ್ಟು ಬೇರೆ ಎಷ್ಟೋ ಕಡೆ ನೀಲಿ. ಇಷ್ಟು ವರ್ಷ ಹೆಸರನ್ನೇ ನೋಡಿದ್ದೆ, ಹಕ್ಕಿಯನ್ನು ನೋಡಿರಲಿಲ್ಲ.

ಇದನ್ನು ಮಗಳಿಗೆ ಹೇಳಿದರೆ ಅವಳು ಇನ್ನೊಂದು ಬಾಂಬ್ ಹಾಕಿದಳು. "ಅಪ್ಪ, ಆ ನೀಲಿನೂ ನೀಲಿ ಅಲ್ಲ." ಅವಳಿಗೆ ಬಣ್ಣದ ಬಗ್ಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರಂತೆ. ನೀಲಕಂಠದ ಗರಿಯಲ್ಲಿ ನೀಲಿ ಬಣ್ಣದ ಪದಾರ್ಥ ಅನ್ನೋದು ಇಲ್ಲವೇ ಇಲ್ಲ. ಗರಿ ಆಗಿರೋದು ಕೆರಟಿನ್‌ನಿಂದ, ಅಂದರೆ ನಮ್ಮ ಉಗುರಿನಲ್ಲಿ ಇರೋ ವಸ್ತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿ ಗುಳ್ಳೆಗಳಿವೆ, ದೋಸೆಯ ತೂತಿನ ಹಾಗೆ ಹತ್ತಿರ ಹತ್ತಿರ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಬೆಳಕು ಅಲ್ಲಿಗೆ ಬಿದ್ದಾಗ ನೀಲಿ ಮಾತ್ರ ಜೋರಾಗಿ ವಾಪಸ್ ಬರುತ್ತೆ. ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಮಾಯ, ಕಂದು ಪುಡಿ ಉಳಿಯುತ್ತೆ. ಮಿಂಚುಳ್ಳಿಯ ನೀಲಿಯೂ ಇದೇ ಜಾತಿ.

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಸಿ.ವಿ. ರಾಮನ್ ಕೂಡ ಒಬ್ಬರು. ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದಿದ್ದು 1933ರಲ್ಲಿ. ಮರುವರ್ಷ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಶುರು ಮಾಡಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಗೆ ಬಣ್ಣ ಎಲ್ಲಿಂದ ಬರುತ್ತೆ ಅಂತ ಅವರ ಬರಹ ಇದೆ. ಪರೀಕ್ಷೆಗೆ ಇಟ್ಟುಕೊಂಡಿದ್ದು ಇದೇ ನೀಲಕಂಠದ ಗರಿ. ಸಮುದ್ರ ಯಾಕೆ ನೀಲಿ ಅಂತ ಕೇಳಿದ ಮನುಷ್ಯನಿಗೆ ತಂತಿ ಮೇಲಿನ ಹಕ್ಕಿ ನೋಡಿ ಅದೇ ಪ್ರಶ್ನೆ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ. ಆದರೆ ನನಗೆ ಖುಷಿಯಾಗಿದ್ದು ಬೇರೆ ಕಾರಣಕ್ಕೆ. ಹಕ್ಕಿಯ ಹತ್ತಿರವೇ ನೀಲಿ ಇಂಕು ಇಲ್ಲ ಅಂದ ಮೇಲೆ ನನ್ನ ಹತ್ತಿರ ಇಲ್ಲದಿದ್ದರೆ ಏನಂತೆ. ಎರಡನೇ ಸಲ ಬಿಡಿಸುವಾಗ ತುಂಬಿಸೋಕೆ ಹೋಗಲಿಲ್ಲ. ರೆಕ್ಕೆಯನ್ನು ಬರೀ ಸಣ್ಣ ಸಣ್ಣ ಚುಕ್ಕಿಯಲ್ಲಿ ಮಾಡಿದೆ, ನಡುವೆ ಬಿಳಿ ಹಾಗೇ ಬಿಟ್ಟು. ದೂರದಿಂದ ನೋಡಿದರೆ ಒಂಥರಾ ಮಿನುಗುತ್ತೆ. 31 ಚಿತ್ರಗಳಲ್ಲಿ ಕಟ್ಟು ಹಾಕಿಸಬಹುದು ಅನ್ನಿಸಿದ್ದು ಅದೊಂದೇ.

31 ಅಂತ ಬಾಯಿಗೆ ಬಂತು. ನಿಜ ಹೇಳಬೇಕಂದರೆ 26. ಒಮ್ಮೆ ಜ್ವರ, ಇನ್ನೊಮ್ಮೆ ನೆಂಟರು, ಮೂರು ಸಲ ಸುಮ್ನೆ ಸೋಮಾರಿತನ. ಗೀಜಗನ ಗೂಡು ಅರ್ಧಕ್ಕೇ ನಿಂತಿದೆ. ಆ ಹೆಣಿಗೆಯ ಒಂದೊಂದು ಎಳೆ ಬಿಡಿಸುತ್ತಾ ರಾತ್ರಿ ಹನ್ನೊಂದಾಯಿತು, ಕೈ ಸೋತಿತು. ಬೇಜಾರಿನಲ್ಲಿ ಹಾಗೇ ಮುಚ್ಚಿಟ್ಟೆ. ಆಮೇಲೆ ನೋಡಿದರೆ ಗಂಡು ಗೀಜಗವೂ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತೆ, ತಲೆಕೆಳಗಾದ ಬುಟ್ಟಿಯಷ್ಟು. ಹೆಣ್ಣು ಬಂದು ಒಳಗೆಲ್ಲ ನೋಡಿ ಒಪ್ಪಿದರೆ ಮಾತ್ರ ಕೊಳವೆ ಇಳಿಸಿ ಪೂರ್ತಿ ಮಾಡೋದು. ಒಪ್ಪದಿದ್ದರೆ ಅದನ್ನು ಬಿಟ್ಟು ಇನ್ನೊಂದು. ನಾನು ಬಿಡಿಸಿ ನಿಲ್ಲಿಸಿದ್ದೂ ಸರಿಯಾಗಿ ಅಷ್ಟೇ. ಮನೆಯವಳಿಗೆ ತೋರಿಸಿದೆ. ಒಪ್ಪಲಿಲ್ಲ. ಬಿಟ್ಟೆ.

ನವೆಂಬರ್ ಬಂತು. ಈ ಸಲ ಸವಾಲು ಮಗಳದ್ದು. ಅನಿಮೇಶನ್‌ನವರಿಗೂ ತಿಂಗಳ ಸ್ಪರ್ಧೆಗಳು ಇರುತ್ತವೆ. ಇಲೆವೆನ್ ಸೆಕೆಂಡ್ ಕ್ಲಬ್ ಅನ್ನೋ ಸ್ಪರ್ಧೆಯ ಹೆಸರು ಆ ಲೋಕದಲ್ಲಿ ಎಲ್ಲರಿಗೂ ಗೊತ್ತು: ಹನ್ನೊಂದು ಸೆಕೆಂಡಿನ ಮಾತಿನ ತುಣುಕು, ಅದಕ್ಕೆ ತಕ್ಕ ಅಭಿನಯ ಮಾಡಿಸಲು ಒಂದು ತಿಂಗಳು. ಹನ್ನೊಂದು ಸೆಕೆಂಡಿಗೆ ತಿಂಗಳು ಯಾಕೆ ಅಂತ ನಾನು ನಕ್ಕಿದ್ದೆ. ನಮಗಾಗಿ ಅವಳು ಅದಕ್ಕಿಂತ ಸಣ್ಣದು ಮಾಡಿದಳು. ತಿಂಗಳಿಗೆ ಮೂರು ಹಕ್ಕಿ, ಒಂದೊಂದಕ್ಕೆ ಒಂದೇ ಸೆಕೆಂಡು. ನಾನು ಹಾಳೆಯಲ್ಲಿ ಬಿಡಿಸಿ ಫೋಟೊ ಕಳಿಸಬೇಕು, ಅವಳು ಜೋಡಿಸಿ ಓಡಿಸಬೇಕು.

ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೆ 12 ಚಿತ್ರ ಸಾಕು. ಇದಕ್ಕೆ ಆನ್ ಟೂಸ್ ಅಂತಾರಂತೆ. ನಾನು ಧೈರ್ಯವಾಗಿ ಗುಬ್ಬಚ್ಚಿ ಹಾರಿಸೋಣ ಅಂದೆ. ಅವಳು ಜೋರಾಗಿ ನಕ್ಕಳು. ಗುಬ್ಬಚ್ಚಿ ಸೆಕೆಂಡಿಗೆ ಸುಮಾರು 13ರಿಂದ 15 ಸಲ ರೆಕ್ಕೆ ಬಡಿಯುತ್ತೆ. ನಮ್ಮ ಹತ್ತಿರ ಇರೋದು 12 ಚಿತ್ರ. ಒಂದು ಬಡಿತಕ್ಕೆ ಒಂದು ಚಿತ್ರವೂ ಬರಲ್ಲ! ಹಾಗಾಗಿ ದೊಡ್ಡವರು ಸಣ್ಣ ಹಕ್ಕಿಯ ರೆಕ್ಕೆಯನ್ನು ಬಿಡಿಸೋದೇ ಇಲ್ಲ, ಒಂದು ಮಸಕು ಎಳೆದು ಬಿಡುತ್ತಾರೆ. ನಮಗೆ ಹೆಜ್ಜಾರ್ಲೆಯೇ, ಅಂದರೆ ಪೆಲಿಕನ್ನೇ, ಗತಿ ಅಂತ ತೀರ್ಮಾನ ಆಯಿತು. ಅದು ರೆಕ್ಕೆ ಬಡಿಯೋದನ್ನು ಏರಿ ಮೇಲೆ ನಿಂತು ಕಣ್ಣಲ್ಲೇ ಎಣಿಸಬಹುದು.

ಮೊದಲ ಸಲ ನನ್ನ ಹೆಜ್ಜಾರ್ಲೆ ಹಲಗೆ ಎತ್ತಿ ಇಳಿಸಿದ ಹಾಗೆ ಹಾರಿತು. ರೆಕ್ಕೆ ಕೆಳಗೆ ಹೋಗುವಾಗ ಪೂರ್ತಿ ಬಿಚ್ಚಿರಬೇಕು, ಮೇಲೆ ಬರುವಾಗ ಮಣಿಕಟ್ಟಿನಲ್ಲಿ ಮಡಚಿಕೊಂಡು ಬರಬೇಕು. ಇಲ್ಲದಿದ್ದರೆ ಒತ್ತಿದ ಗಾಳಿಯನ್ನೇ ವಾಪಸ್ ಎತ್ತಿದ ಹಾಗಾಗುತ್ತೆ. ಜೊತೆಗೆ ರೆಕ್ಕೆ ಕೆಳಗಾದಾಗ ಮೈ ಸ್ವಲ್ಪ ಮೇಲೇಳಬೇಕು, ಅದನ್ನಂತೂ ನಾನು ಕನಸಿನಲ್ಲೂ ಯೋಚಿಸಿರಲಿಲ್ಲ. ಇದನ್ನೆಲ್ಲ ಮೊದಲ ಸಲ ಸರಿಯಾಗಿ ಹಿಡಿದವರಲ್ಲಿ ಒಬ್ಬರು ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ. 1882ರಲ್ಲಿ ಅವರು ಬಂದೂಕಿನ ಆಕಾರದ ಕ್ಯಾಮೆರಾ ಮಾಡಿಕೊಂಡು ಹಾರುವ ಹಕ್ಕಿಗೆ ಗುರಿ ಇಟ್ಟರು. ಕುದುರೆ ಎಳೆದರೆ ಗುಂಡಿಲ್ಲ, ಫೋಟೊ. ಸೆಕೆಂಡಿಗೆ ಎಷ್ಟು ಗೊತ್ತಾ? ಹನ್ನೆರಡು. ಸಿನಿಮಾ ಇನ್ನೂ ಹುಟ್ಟಿರಲಿಲ್ಲ. ಆ ಮನುಷ್ಯನೂ ನಾವೂ ಒಂದೇ ಲೆಕ್ಕದಲ್ಲಿ ಇದ್ದೀವಿ ಅಂತ ಮಗಳಿಗೆ ಫೋನ್ ಮಾಡಿ ಹೇಳಿದೆ. "ಅವರ ಹಕ್ಕಿ ಹಾರ್ತಿತ್ತು ಅಪ್ಪ" ಅಂದಳು.

ಎರಡನೆಯದು ಪಾರಿವಾಳದ ನಡಿಗೆ. ಇದನ್ನು ನೋಡೋಕೆ ಎಲ್ಲಿಗೂ ಹೋಗಬೇಕಿಲ್ಲ, ಮಗಳ ಪಿಜಿಯ ಬಾಲ್ಕನಿ ಪೂರ್ತಿ ಅವೇ. ಅವಳು ನನಗೆ ಕಾಯದೆ ಒಂದು ಮಾಡಿ ನೋಡಿದ್ದಳು. ಪಾರಿವಾಳ ಕೋಲೆ ಬಸವನ ಹಾಗೆ ತಲೆ ಆಡಿಸಿಕೊಂಡು ನಡೆಯುತ್ತಿತ್ತು. ಚೆಂದ ಇತ್ತು, ಆದರೆ ಪಾರಿವಾಳ ಅಲ್ಲ. ಅದು ತಲೆ ಆಡಿಸಲ್ಲ. ತಲೆಯನ್ನು ಗಪ್ಪನೆ ಮುಂದೆ ಚಾಚಿ ಅಲ್ಲೇ ನಿಲ್ಲಿಸುತ್ತೆ, ಮೈ ಹಿಂದಿನಿಂದ ಬಂದು ಸೇರಿಕೊಳ್ಳುತ್ತೆ. ಆಮೇಲೆ ಮತ್ತೆ ತಲೆ ಮುಂದೆ. ನಿಂತ ಆ ಕ್ಷಣದಲ್ಲಿ ಕಣ್ಣಿಗೆ ಸುತ್ತಲಿನದ್ದು ಅಲ್ಲಾಡದೆ ಕಾಣುತ್ತೆ. 1978ರಲ್ಲಿ ಕೆನಡಾದಲ್ಲಿ ಒಬ್ಬ ಸಂಶೋಧಕ ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕಾಲು ನಡೆಯುತ್ತಿತ್ತು, ಆದರೆ ಸುತ್ತಲಿನ ನೋಟ ಬದಲಾಗುತ್ತಿರಲಿಲ್ಲ. ತಲೆಯ ಆಟ ನಿಂತೇ ಹೋಯಿತು.

ಇದನ್ನು ಕೇಳಿ ಮಗಳು ತಲೆ ಚಚ್ಚಿಕೊಂಡಳು. ಅನಿಮೇಶನ್‌ನಲ್ಲಿ ನಡಿಗೆಯ ಲೂಪ್, ಅಂದರೆ ಅವೇ ಚಿತ್ರಗಳು ಮತ್ತೆ ಮತ್ತೆ ಸುತ್ತುವ ತುಣುಕು, ಮಾಡೋದೂ ಟ್ರೆಡ್‌ಮಿಲ್ ಥರವೇ: ಪಾತ್ರ ಇದ್ದಲ್ಲೇ ನಡೆಯುತ್ತೆ, ನೆಲ ಹಿಂದಕ್ಕೆ ಜಾರುತ್ತೆ. ಹಾಗಿದ್ದ ಮೇಲೆ ತಲೆ "ನಿಲ್ಲೋದು" ಅಂದರೆ ಲೂಪ್‌ನಲ್ಲಿ ಅದು ನೆಲದ ವೇಗದಲ್ಲೇ ಹಿಂದಕ್ಕೆ ಜಾರಬೇಕು! ಊರಿದ ಕಾಲು ಜಾರುವಷ್ಟೇ, ಒಂದು ಕೂದಲೆಳೆಯೂ ಹೆಚ್ಚಿಲ್ಲ ಕಡಿಮೆ ಇಲ್ಲ. ಅವಳು ಹಾಳೆಗೆ ಚೌಕ ಹಾಕಿಕೊಂಡು ಎಣಿಸಿ ಮಾಡಿದಳು. ರಾತ್ರಿ ಎರಡು ಗಂಟೆಗೆ ಬಂದ ವಿಡಿಯೊ ನೋಡಿ ನನಗೆ ಮೈ ಜುಂ ಅಂತು. ಹನ್ನೆರಡು ಗೆರೆಚಿತ್ರ ಅಷ್ಟೇ, ಬಣ್ಣ ಇಲ್ಲ, ಗರಿ ಇಲ್ಲ. ಆದರೂ ಬಾಲ್ಕನಿ ಗಲೀಜು ಮಾಡುವ ಸಾಕ್ಷಾತ್ ಪಾರಿವಾಳ.

ಮೂರನೆಯದಕ್ಕೆ ಕಪ್ಪುಬಿಳಿ ಮಿಂಚುಳ್ಳಿ ಆರಿಸಿದ್ದು ಈ ಪಾಠ ಇಟ್ಟುಕೊಂಡೇ. ಅದು ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುತ್ತಲ್ಲ, ಆಗ ಮೈಯೆಲ್ಲ ಒದ್ದಾಡುತ್ತೆ, ತಲೆ ಮಾತ್ರ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ. ಹಾಗಾಗಿ ಹನ್ನೆರಡು ಹಾಳೆಯಲ್ಲೂ ತಲೆ ಒಂದೇ ಜಾಗ. ಅದನ್ನು ಕಿಟಕಿ ಗಾಜಿಗೆ ಹಿಡಿದು ನಕಲು ಮಾಡಿದೆ. ಮೈ ಹೇಗೆ ಬೇಕೋ ಹಾಗೆ ಬಿಡಿಸಿದೆ. ಸೋಮಾರಿಗಳಿಗೆ ಹೇಳಿ ಮಾಡಿಸಿದ ಹಕ್ಕಿ. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು ಅಂತ ಅವಳೂ ಒಪ್ಪಿದಳು.

ಡಿಸೆಂಬರಿನಲ್ಲಿ ಮಗಳು ರಜೆಗೆ ಬಂದಳು. ಡ್ರಾಯಿಂಗ್ ಬುಕ್ಕಿನಲ್ಲಿ ಒಂದು ಹಾಳೆ ಉಳಿದಿತ್ತು. ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಬೇಲಿಯಿಂದ ಕೆಂಬೂತ ಇಳಿದು ಬಂತು, ಒಣಗಿದ ಎಲೆ ಸರಿಸಿ ಬಸವನಹುಳು ಹುಡುಕಿತು, ನನ್ನ ಕಡೆ ಒಮ್ಮೆ ಕೆಂಗಣ್ಣು ಬಿಟ್ಟು ಮತ್ತೆ ಕೆಲಸಕ್ಕೆ ಹೋಯಿತು. ಹತ್ತು ನಿಮಿಷಕ್ಕೆ ಚಿತ್ರ ಮುಗಿಯಿತು. ಮಗಳು ಹಲ್ಲುಜ್ಜುತ್ತಾ ಬಂದು ನನ್ನ ಭುಜದ ಮೇಲಿಂದ ಬಗ್ಗಿ, ಬ್ರಷ್ಷಿನ ಹಿಂಬದಿಯಿಂದ ಬೆರಳು ಎಣಿಸಿದಳು. ಎರಡು ಮುಂದೆ, ಎರಡು ಹಿಂದೆ, ಉದ್ದನೆ ಉಗುರು.

"ಕಾಲು ಸರಿ ಇದೆ ಅಪ್ಪ," ಅಂದಳು. "ಬಾಲ ಮಾತ್ರ ಇನ್ನೂ ಕೋಳಿದೇ."